ಹುಣಸೆಮರದ ಶಾಲೆಯ ಕಿಟಕಿಗಳು

ಹೇರೋಹಳ್ಳಿ
29 ಜೂನ್ 2025, ಭಾನುವಾರ

ಮಿಸ್,

ನಮ್ಮ ಶಾಲೆಯ ಕಿಟಕಿಗಳನ್ನು ಕದ್ದಿದ್ದಾರೆ. ಒಂದೆರಡಲ್ಲ, ಎಲ್ಲವನ್ನೂ. ಚೌಕಟ್ಟು, ಸರಳು, ರೆಕ್ಕೆ ಸಮೇತ ಗೋಡೆಯಿಂದ ಕಿತ್ತು, ಟೆಂಪೊಗೆ ಹೇರಿ, ಹಾಡುಹಗಲಲ್ಲಿ ಸಾಗಿಸಿದ್ದಾರೆ. ಊರಿನವರು ನೋಡುತ್ತಾ ನಿಂತಿದ್ದರು. ಒಬ್ಬರೂ ತಡೆಯಲಿಲ್ಲ.

ಕ್ಷೇಮ ಸಮಾಚಾರ ಕೇಳದೆ ಶುರು ಮಾಡಿದ್ದಕ್ಕೆ ಕ್ಷಮಿಸಿ. ನಿಮ್ಮ ಕಿವಿ ಫೋನಿಗೆ ಒಗ್ಗುವುದಿಲ್ಲ ಎಂದು ಕಾಗದ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಇವತ್ತು ಕಂಪ್ಲಿಗೆ ನೇರವಾಗಿ ಕೇಳಿಸುವ ಹಾಗೆ ಕೂಗುತ್ತಿದ್ದೆ.

ನೀವು ನಿವೃತ್ತರಾಗಿ ಊರಿಗೆ ಹೋದ ಮೇಲೆ ಹುಣಸೆಮರದ ಶಾಲೆಯ ಅಭಿವೃದ್ಧಿ ಸಮಿತಿಗೆ ವೆಂಕಟೇಶ್ ಅಧ್ಯಕ್ಷನಾದದ್ದು ನಿಮಗೆ ಗೊತ್ತು. ಹೆಡ್‌ಮಾಸ್ಟರ್ ಈಗ ರವಿಕುಮಾರ್ ಸರ್. ಜೂನ್ ಮೂರನೇ ವಾರ ಬೈರಯ್ಯನವರ ಮರಗೆಲಸದ ಶೆಡ್ಡಿನಿಂದ ಆಳುಗಳು ಬಂದು ಕಿಟಕಿ ಕಿತ್ತರು. ಅವತ್ತಿನಿಂದ ಸೈಜುಗಲ್ಲಿನ ಗೋಡೆಯಲ್ಲಿ ಬರೀ ತೂತುಗಳಿವೆ. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೋಗುತ್ತದೆ. ಕರ್ನಾಟಕದ ಭೂಪಟ ಹಾರಿ ಚರಂಡಿಗೆ ಬಿತ್ತು. ಹಾಜರಿ ಪುಸ್ತಕದ ಮೇಲೆ ರವಿಕುಮಾರ್ ಸರ್ ಕಲ್ಲು ಇಟ್ಟುಕೊಂಡು ಕೂರುತ್ತಾರೆ. ಮೊನ್ನೆ ಒಂದು ಮೇಕೆ ಕಿಟಕಿಯ ಜಾಗದಿಂದ ಒಳಗೆ ಬಂದು, ಎರಡನೇ ತರಗತಿಯ ಸೌರಮಂಡಲವನ್ನು ಶನಿಯವರೆಗೆ ತಿಂದು ಹೋಗಿದೆ. ಮಳೆ ಬಂದರೆ ಮಕ್ಕಳು ಬಾಗಿಲ ಪಕ್ಕದ ಮೂಲೆಗೆ ಹೋಗಿ ಒಬ್ಬರ ಮೇಲೊಬ್ಬರು ಕೂರುತ್ತಾರೆ. ಮಹಾರಾಜರ ಕಾಲದಲ್ಲಿ ಊರಿನವರು ಕಲ್ಲು ಹೊತ್ತು ಕಟ್ಟಿದ ಶಾಲೆಗೆ ಈ ಗತಿ.

ನಾನು ಸುಮ್ಮನೆ ಆರೋಪ ಮಾಡುತ್ತಿಲ್ಲ. ಮೂವರನ್ನೂ ಕೇಳಿದ್ದೇನೆ.

ಅಧ್ಯಕ್ಷ ವೆಂಕಟೇಶ್: "ರಿಪೇರಿಗೆ ಹೋಗಿದಾವೆ ಕಣಮ್ಮ."

"ಯಾವಾಗ ಬರ್ತವೆ?"

"ಬರ್ತವೆ."

"ಯಾವಾಗ ಅಂತ ಕೇಳ್ದೆ."

"ಈ ತಿಂಗಳು ಕಳೀಲಿ ಬಿಡಮ್ಮ. ನಿಂಗ್ಯಾಕಷ್ಟು ಅರ್ಜೆಂಟು, ನೀನೇನ್ ಒಂದನೇ ಕ್ಲಾಸಾ?"

ಬೈರಯ್ಯನವರು ಶೆಡ್ಡಿನ ಗೇಟಿನಿಂದಾಚೆಗೆ ನನ್ನನ್ನು ಬಿಡಲಿಲ್ಲ. "ಮರ ಒಣಗ್ಬೇಕಮ್ಮ" ಎಂದರು.

"ನೂರು ವರ್ಷದ ತೇಗ ಇನ್ನೂ ಒಣಗಿಲ್ವಾ ಬೈರಯ್ಯನೋರೇ?" ಎಂದೆ. ಒಳಗೆ ಹೋಗಿ ಮೆಷಿನ್ ಆನ್ ಮಾಡಿದರು.

ರವಿಕುಮಾರ್ ಸರ್: "ಸಮಿತಿಯವ್ರು ನೋಡ್ಕೋತಾರೆ. ನಂಗೆ ಮೀಟಿಂಗಿದೆ."

ಒಂದೇ ಪ್ರಶ್ನೆಗೆ ಮೂರು ಉತ್ತರ ಬಂದರೆ ಅಲ್ಲಿ ಲೂಟಿ ನಡೆದಿದೆ ಎಂದೇ ಅರ್ಥ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಇಲ್ಲಿನ ವಿಜಯನಗರದ ಬಸ್ ನಿಲ್ದಾಣದಲ್ಲಿ, ಕಾರ್ಖಾನೆಯ ಗೇಟುಗಳಲ್ಲಿ ಕೈಗೆ ಸಿಕ್ಕ ಕರಪತ್ರಗಳು ಕಲಿಸಿದವು. ಹಳೆಯ ತೇಗಕ್ಕೆ ಈಗ ಎಂಥ ಬೇಡಿಕೆ ಇದೆ ಎಂದು ಎಲ್ಲರಿಗೂ ಗೊತ್ತು. ಆ ಕಿಟಕಿಗಳು ಯಾವುದೋ ರೆಸಾರ್ಟಿನ ಗೋಡೆ ಸೇರುತ್ತವೆ, ನಮ್ಮ ಮಕ್ಕಳಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಬರೆದಿಟ್ಟುಕೊಳ್ಳಿ.

ಈಗಲೂ ಶ್ರೀಗಂಧದ ಕಾವಲಿನ ಡಿಟಿಪಿ ಅಂಗಡಿಯಲ್ಲೇ ಕೆಲಸಕ್ಕಿದ್ದೇನೆ. ಮದುವೆ ಕಾರ್ಡುಗಳ ನಡುವೆ ಒಂದು ಕರಪತ್ರ ಟೈಪ್ ಮಾಡಿದ್ದೇನೆ. ತಲೆಬರಹ: "ಮಕ್ಕಳ ಬೆಳಕನ್ನು ಮಾರಿದವರು ಯಾರು?" ಮನೆಮನೆಗೂ ಹಂಚುತ್ತೇನೆ. ಇನ್ನೊಂದು ಕೆಲಸವನ್ನೂ ಯೋಚಿಸಿದ್ದೇನೆ. ಅದನ್ನು ಆದ ಮೇಲೆ ಹೇಳುತ್ತೇನೆ.

ನೀವು ಒಂದು ಸಾಲು ಬರೆದು ಕಳಿಸಿದರೆ ಕರಪತ್ರದ ಕೊನೆಯಲ್ಲಿ ಹಾಕಿಕೊಳ್ಳುತ್ತೇನೆ. ಈ ಊರು ನಿಮ್ಮ ಮಾತನ್ನು ಕೇಳುತ್ತದೆ.

ನಿಮ್ಮ
ಧನ್ಯಶ್ರೀ


ಕಂಪ್ಲಿ
4 ಜುಲೈ 2025

ಪ್ರೀತಿಯ ಧನ್ಯಾ,

ನಾನು ಚೆನ್ನಾಗಿದ್ದೇನೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ. ಇಲ್ಲಿ ಹೊಳೆ ತುಂಬಿದೆ. ತಮ್ಮನ ಮಕ್ಕಳು ಸಂಜೆ ಪಾಠಕ್ಕೆ ಕೂರುತ್ತಾರೆ, ಅಂದರೆ ನಾನು ಕೂರಿಸುತ್ತೇನೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. "ಅಧ್ಯಕ್ಷ ವೆಂಕಟೇಶ್" ಎಂದು ಬರೆದಿದ್ದೀಯ. ಮೊನ್ನೆಯವರೆಗೆ ಅವನು ನಿನಗೆ ವೆಂಕಟೇಶಣ್ಣ ಆಗಿದ್ದ. ಅವನು ಮೂರನೇ ತರಗತಿಯಲ್ಲಿದ್ದಾಗ ಕಿಟಕಿಯ ಸರಳಿನ ನಡುವೆ ತಲೆ ತೂರಿಸಿ ಸಿಕ್ಕಿಕೊಂಡಿದ್ದನಂತೆ. ಅವನ ತಾಯಿ ವೆಂಕಟಲಕ್ಷ್ಮಮ್ಮ ಓಡಿ ಬಂದು, ಕಿವಿಗೆಲ್ಲ ಹರಳೆಣ್ಣೆ ಸವರಿ ಹಿಂದಕ್ಕೆ ಎಳೆದರಂತೆ. ಆಕೆಯೇ ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಎಣ್ಣೆ ಸ್ವಲ್ಪ ಜಾಸ್ತಿಯಾಗುತ್ತದೆ. ಆ ಸರಳನ್ನು ಅವನು ಮಾರುತ್ತಾನೆಯೇ ಎಂದು ನೀನೇ ಯೋಚಿಸು.

ಕಿಟಕಿ ಕಿತ್ತದ್ದು ಒಳ್ಳೆಯದೇ ಆಯಿತು. ಪಶ್ಚಿಮದ ಗೋಡೆಯವು ಒಳಗೊಳಗೇ ಗೆದ್ದಲು ಹಿಡಿದಿದ್ದವು. ನಾನು ಇದ್ದಾಗ ಒಂದು ಸಲ ಮಕ್ಕಳು ಊಟಕ್ಕೆ ಎದ್ದ ಮೇಲೆ ಒಂದು ರೆಕ್ಕೆ ಕಳಚಿ ಬೆಂಚಿನ ಮೇಲೆ ಬಿತ್ತು. ಊಟದ ಗಂಟೆ ಸ್ವಲ್ಪ ತಡವಾಗಿದ್ದರೆ ಎಂದು ಇವತ್ತಿಗೂ ಯೋಚಿಸುತ್ತೇನೆ. ಅವನ್ನು ಬದಲಾಯಿಸಿ ಎಂದು ನಾನು ಕೇಳದ ವರ್ಷವಿಲ್ಲ.

ಕರಪತ್ರ ಈಗ ಬೇಡ. ತಿಂಗಳು ಮುಗಿಯಲಿ. ಬೈರಯ್ಯನನ್ನು ಮತ್ತೆ ಕೇಳಲು ಹೋಗಬೇಡ. ಕೇಳಿದರೂ ಅವನು ನಿನಗೆ ಹೇಳುವುದಿಲ್ಲ. ಯಾಕೆ ಎಂದು ನನ್ನನ್ನೂ ಕೇಳಬೇಡ. ಅಷ್ಟು ವರ್ಷ ಆ ಊರಿನ ನೀರು ಕುಡಿದವಳು ಹೇಳುತ್ತಿದ್ದೇನೆ, ಕಿಟಕಿಗಳು ಬರುತ್ತವೆ.

ಆ ಇನ್ನೊಂದು ಕೆಲಸ ಏನೋ ನನಗೆ ಗೊತ್ತಿಲ್ಲ. ಅದನ್ನೂ ಮಾಡಬೇಡ.

ನಿನ್ನ ಅಮ್ಮ ಕಲಾಳಿಗೆ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಆಶೀರ್ವಾದಗಳೊಂದಿಗೆ,
ಬಸವರಾಜೇಶ್ವರಿ


ಹೇರೋಹಳ್ಳಿ
9 ಜುಲೈ 2025

ಮಿಸ್,

ನೀವೂ ಹೀಗೆ ಬರೆಯುತ್ತೀರಿ ಎಂದುಕೊಂಡಿರಲಿಲ್ಲ.

"ಈ ತಿಂಗಳು ಕಳೀಲಿ" ಎಂದು ಅಧ್ಯಕ್ಷ ಹೇಳಿದ. "ತಿಂಗಳು ಮುಗಿಯಲಿ" ಎಂದು ನೀವು ಕಂಪ್ಲಿಯಿಂದ ಬರೆಯುತ್ತೀರಿ. ಯಾರು ಯಾರಿಗೆ ಹೇಳಿಕೊಟ್ಟರು? ಎಲ್ಲರಿಗೂ ಗೊತ್ತಿರುವ, ನನಗೆ ಮಾತ್ರ ಗೊತ್ತಾಗಬಾರದ ವಿಷಯ ಏನದು? ಬಡವರ ಮಕ್ಕಳ ಶಾಲೆಯ ವಿಷಯದಲ್ಲಿ ಗುಟ್ಟು ಇಟ್ಟುಕೊಂಡವರೆಲ್ಲ ಶಾಮೀಲಾದವರೇ. ಇದು ಕಠಿಣವಾದ ಮಾತು ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ತಪ್ಪು ಕಂಡರೆ ಎದ್ದು ನಿಂತು ಹೇಳು ಎಂದು ನನಗೆ ಕಲಿಸಿದ್ದು ನೀವು. ನೀವು ಕೂತಿರುವಾಗ ನಾನು ನಿಂತಿರುವುದು ಕಷ್ಟವಾಗುತ್ತಿದೆ.

ಹರಳೆಣ್ಣೆಯ ಕಥೆ ಚೆನ್ನಾಗಿದೆ. ಜಮೀನಿದ್ದವರ ಬಾಲ್ಯದ ಕಥೆಗಳು ಯಾವಾಗಲೂ ಚೆನ್ನಾಗಿಯೇ ಇರುತ್ತವೆ.

ನೀವು ಹೇಳಿದ್ದಕ್ಕೆ ಕರಪತ್ರ ಹಂಚಿಲ್ಲ. ಮುದ್ರಿಸಿ ಅಂಗಡಿಯ ಮೇಜಿನ ಕೆಳಗೆ ಇಟ್ಟಿದ್ದೇನೆ. ಆದರೂ ಸುದ್ದಿ ಹೇಗೋ ಹೋಗಿದೆ. ನಿನ್ನೆ ಹಾಲಿನ ಡೈರಿಯ ಮುಂದೆ ವೆಂಕಟಲಕ್ಷ್ಮಮ್ಮಜ್ಜಿ ನನ್ನನ್ನು ಹಿಡಿದುಕೊಂಡರು.

"ಏನೇ ಧನ್ಯಾ, ನನ್ ಮಗ ಕಳ್ಳ ಅಂತೆ?"

"ನಾನ್ ಹಂಗಂದಿಲ್ಲ ಅಜ್ಜಿ. ಕೇಳ್ತಿದೀನಿ ಅಷ್ಟೆ."

"ಕೇಳೋದೇನೋ ಕೇಳ್ತೀಯ, ಊರಿಗೆಲ್ಲ ಕೇಳಂಗ್ ಕೇಳ್ತೀಯ. ನಿಮ್ಮಮ್ಮ ಬಾಯಿಗೆ ಬೆರಳಿಟ್ರೆ ಕಚ್ಚಲ್ಲ, ನೀನ್ಯಾರ್ ಹೊಟ್ಟೇಲ್ ಹುಟ್ದೆ?"

ಡೈರಿಯವರೆಲ್ಲ ನಕ್ಕರು. ನಗಲಿ.

ಈಗ ಆ ಇನ್ನೊಂದು ಕೆಲಸದ ವಿಷಯ. ನಿಮ್ಮ ಕಾಗದ ಬರುವ ಮೊದಲೇ ಅದು ಆಗಿಹೋಗಿತ್ತು. ಜೂನ್ ಮೂವತ್ತರಂದು ಇಲಾಖೆಗೆ ದೂರು ಕೊಟ್ಟೆ, ಫೋಟೊಗಳ ಸಮೇತ. ಮಕ್ಕಳು ಮಳೆಯಲ್ಲಿ ಮುದುಡಿ ಕೂತದ್ದು, ಮೇಕೆ, ಎಲ್ಲ. ಕಟ್ಟಡಕ್ಕೆ ಕಿಟಕಿಯೇ ಇಲ್ಲ, ಮಕ್ಕಳಿಗೆ ಅಪಾಯ, ಹೊಣೆಗಾರರ ಮೇಲೆ ಕ್ರಮ ಜರುಗಿಸಿ ಎಂದು ಬರೆದೆ. ಸರ್ಕಾರ ಉತ್ತರವೇ ಕೊಡುವುದಿಲ್ಲ ಎನ್ನುತ್ತಾರಲ್ಲ, ಇವತ್ತು ಉತ್ತರ ಬಂದಿದೆ! ಓದಿ:

"ಸದರಿ ಶಾಲಾ ಕಟ್ಟಡವನ್ನು ದಿನಾಂಕ 18-07-2025ರಂದು ಇಂಜಿನಿಯರ್ ಅವರಿಂದ ಪರಿಶೀಲಿಸಲಾಗುವುದು. ಕಟ್ಟಡವು ಬಳಕೆಗೆ ಯೋಗ್ಯವಲ್ಲವೆಂದು ಕಂಡುಬಂದಲ್ಲಿ ಮಕ್ಕಳನ್ನು ಸಮೀಪದ ಶಾಲೆಯೊಂದಿಗೆ ವಿಲೀನಗೊಳಿಸಿ, ಕಟ್ಟಡವನ್ನು ಮುಚ್ಚಲು ಕ್ರಮ ಕೈಗೊಳ್ಳಲಾಗುವುದು."

ಇಂಜಿನಿಯರ್ ಬಂದು ಆ ತೂತುಗಳನ್ನು ಕಣ್ಣಾರೆ ನೋಡಲಿ. ಅವತ್ತು ಅಧ್ಯಕ್ಷರು ಏನು ಉತ್ತರ ಕೊಡುತ್ತಾರೋ ನಾನೂ ಕೇಳಬೇಕು. ಒಬ್ಬಳು ಒಂದು ಕಾಗದ ಬರೆದರೆ ವ್ಯವಸ್ಥೆ ಅಲುಗಾಡುತ್ತದೆ ಎಂದು ನಿಮಗೂ ಗೊತ್ತಾಗಲಿ ಎಂದು ತಿಳಿಸುತ್ತಿದ್ದೇನೆ.

ಧನ್ಯಶ್ರೀ


ಕಂಪ್ಲಿ
12 ಜುಲೈ 2025
ಸ್ಪೀಡ್ ಪೋಸ್ಟ್

ಧನ್ಯಾ,

ಇಲಾಖೆಯ ಕಾಗದದ ಎರಡನೇ ವಾಕ್ಯವನ್ನು ಮತ್ತೆ ಓದು. ಈಗಲೇ ಓದು, ಆಮೇಲೆ ಮುಂದಕ್ಕೆ ಬಾ.

ಅಲ್ಲಿ ಕಳ್ಳರನ್ನು ಹಿಡಿಯುವ ಮಾತಿಲ್ಲ. ಶಾಲೆಯನ್ನು ಮುಚ್ಚುವ ಮಾತಿದೆ. ಸಮೀಪದ ಶಾಲೆ ಎಂದರೆ ಮಾಗಡಿ ರಸ್ತೆಯ ಆಚೆಯದು. ಆ ರಸ್ತೆಯನ್ನು ಒಂದನೇ ತರಗತಿಯ ಮಗು ದಾಟುತ್ತದೆಯೇ? ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗುವ ತಾಯಿ ದಾಟಿಸಿ ಬರುತ್ತಾಳೆಯೇ? ಅರ್ಧ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ವಿಲೀನದ ಹೆಸರಿನಲ್ಲಿ ಬೀಗ ಹಾಕಿದ ಶಾಲೆಯ ಬೀಗ ಮತ್ತೆ ತೆಗೆದದ್ದನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ನೋಡಿಲ್ಲ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಕಿಟಕಿಗಳನ್ನು ಯಾರೂ ಕದ್ದಿಲ್ಲ. ಆಷಾಢ ನಡೆಯುತ್ತಿದೆ. ಅಷ್ಟೇ ವಿಷಯ. ಆಷಾಢದಲ್ಲಿ ಬಾಗಿಲಾಗಲಿ ಕಿಟಕಿಯಾಗಲಿ ಬೈರಯ್ಯ ಕೂರಿಸುವುದಿಲ್ಲ; ಅವನ ಅಪ್ಪನೂ ಕೂರಿಸುತ್ತಿರಲಿಲ್ಲ. ತಿಂಗಳು ಹುಟ್ಟುವ ಮೊದಲೇ ಕೆಲಸ ಮುಗಿಸಬೇಕೆಂದು ಕಿತ್ತಿರುತ್ತಾರೆ, ರಿಪೇರಿ ಲಂಬಿಸಿರುತ್ತದೆ. ನಿನ್ನ ಮೊದಲ ಕಾಗದದ ತಾರೀಖು ನೋಡಿ, ಗೋಡೆಯ ಕ್ಯಾಲೆಂಡರ್ ನೋಡಿದೆ. ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೋದ ವರ್ಷ ಆಷಾಢದ ನಂಬಿಕೆಗಳ ವಿರುದ್ಧ ನೀನು ಹಂಚಿದ ಆ ಕರಪತ್ರ. "ಕ್ಯಾಲೆಂಡರ್ ನೋಡಿ ಮೊಳೆ ಹೊಡೆಯುವ ಬೈರಯ್ಯನಂಥವರು" ಎಂದು ಹೆಸರು ಹಾಕಿ ಬರೆದಿದ್ದೆ. ನನಗೂ ಒಂದು ಪ್ರತಿ ಕಳಿಸಿದ್ದೆ. ಊರಿನ ಹುಡುಗರು ಅವನನ್ನು ಕಂಡಾಗಲೆಲ್ಲ "ಬೈರಣ್ಣ, ಇವತ್ತು ಮೊಳೆ ಹೊಡೀಬೋದಾ?" ಎಂದು ಕಾಡಿದರಂತೆ. ಈ ಸಲ ಕಾರಣ ಹೇಳಿದರೆ ನೀನು ಇನ್ನೊಂದು ಕರಪತ್ರ ಮಾಡುತ್ತೀಯ, ಅವನು ಉಳಿ ಬಿಸಾಕಿ ಹೋಗುತ್ತಾನೆ ಎಂದು ಸಮಿತಿಯವರು ಹೆದರಿರುತ್ತಾರೆ. ನಾನೂ ಹಾಗೇ ಹೆದರಿದೆ. ನಿನಗೆ ಹೇಳಿ, ಸುಮ್ಮನಿರು ಎಂದು ಕೇಳಿಕೊಳ್ಳಬಹುದಿತ್ತು. ನೀನು ಸುಮ್ಮನಿರುತ್ತೀಯ ಎಂದು ನಂಬಲಿಲ್ಲ.

ಇನ್‌ಸ್ಪೆಕ್ಷನ್ ಹದಿನೆಂಟಕ್ಕೆ. ಶ್ರಾವಣ ಹುಟ್ಟುವುದು ಇಪ್ಪತ್ತೈದಕ್ಕೆ. ನಡುವೆ ಒಂದು ವಾರವಿದೆ, ಆ ವಾರದಲ್ಲಿ ಶಾಲೆ ಹೋಗುತ್ತದೆ.

ಬೈರಯ್ಯನ ಹತ್ತಿರ ಹೋಗು. ಹೇಗೆ ಒಪ್ಪಿಸಬೇಕೋ ನನಗೆ ಗೊತ್ತಿಲ್ಲ. ಕೈಯಲ್ಲಿ ಕರಪತ್ರ ಹಿಡಿದು ಮಾತ್ರ ಹೋಗಬೇಡ.

ಬಸವರಾಜೇಶ್ವರಿ


ಹೇರೋಹಳ್ಳಿ
19 ಜುಲೈ 2025, ಶನಿವಾರ

ಮಿಸ್,

ಶಾಲೆ ಉಳಿಯಿತು. ಮೊದಲು ಇದನ್ನು ಓದಿ ನೀವು ಉಸಿರು ಬಿಡಿ, ಆಮೇಲೆ ಉಳಿದದ್ದನ್ನು ಹೇಳುತ್ತೇನೆ.

ನಿಮ್ಮ ಕಾಗದ ಮಂಗಳವಾರ ಮಧ್ಯಾಹ್ನ ಬಂತು. ಇಲಾಖೆಯ ವಾಕ್ಯವನ್ನು ಮತ್ತೆ ಓದಿದೆ. "ವಿಲೀನ". ಹೋದ ಚಳಿಗಾಲದಲ್ಲಿ ಶಾಲೆಗಳ ವಿಲೀನದ ವಿರುದ್ಧದ ಮೆರವಣಿಗೆಗೆ ಫ್ಲೆಕ್ಸ್ ಡಿಸೈನ್ ಮಾಡಿದವಳು ನಾನು. ಆ ಪದವನ್ನು ಕೆಂಪು ಬಣ್ಣದಲ್ಲಿ ಅಡ್ಡ ಗೆರೆ ಎಳೆದು ಹೊಡೆದುಹಾಕಿದ್ದೆ. ಅದೇ ಪದ ನನ್ನ ಹೆಸರಿಗೇ ಲಕೋಟೆಯಲ್ಲಿ ಬಂದಾಗ ಗೆಲುವು ಎಂದುಕೊಂಡೆ. ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಓನರ್ ನೀರು ಕೊಟ್ಟು, "ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದರು.

ಮೊದಲು ವೆಂಕಟೇಶಣ್ಣನ ಮನೆಗೆ ಹೋದೆ. ಅಂಗಳದಲ್ಲಿ ಸ್ಕೂಟರ್ ತೊಳೆಯುತ್ತಿದ್ದರು.

"ಅಣ್ಣ, ಇಲಾಖೆಗೆ ದೂರು ಕೊಟ್ಟಿದ್ದು ನಾನೇ."

"ಗೊತ್ತು. ಅಕ್ಷರದ ತಪ್ಪಿಲ್ದೆ ಎರಡು ಪುಟ ದೂರು ಬರೆಯೋರು ನಮ್ಮೂರಲ್ಲಿ ಇನ್ಯಾರಿದಾರೆ?"

"ಮತ್ತೆ ಬಂದು ಬೈಲಿಲ್ಲ?"

"ಬೈದ್ರೆ ಅದನ್ನೂ ಪ್ರಿಂಟ್ ಹಾಕ್ಸ್ತೀಯ."

ನಕ್ಕರು, ಆದರೆ ಮುಖ ಬಾಡಿತ್ತು. ನೋಟಿಸಿನ ಪ್ರತಿ ಬಂದ ದಿನದಿಂದ ಬೈರಯ್ಯನವರ ಕಾಲು ಹಿಡಿಯುವುದೊಂದು ಬಾಕಿಯಂತೆ. ಮಹಾಲಕ್ಷ್ಮಿ ಲೇಔಟಿನಿಂದ ಬೇರೆ ಕಾರ್ಪೆಂಟರ್ ಕರೆಸಿದರೆ, ಅವನೂ ಗೋಡೆ ನೋಡಿ, ಕಾಫಿ ಕುಡಿದು, "ಶ್ರಾವಣ ಹುಟ್ಟಿದ್ ಮಾರನೇ ದಿನ ಬರ್ತೀನಿ ಸಾರ್" ಎಂದು ಹೋದನಂತೆ. ನಾನೂ ಬರುತ್ತೇನೆ, ಇನ್ನೊಂದು ಸಲ ಕೇಳೋಣ ಎಂದೆ. ಒಳಗಿನಿಂದ ವೆಂಕಟಲಕ್ಷ್ಮಮ್ಮಜ್ಜಿ, "ಇವಳನ್ನ ಒಬ್ಳನ್ನೇ ಕರ್ಕೊಂಡೋದ್ರೆ ಇದ್ದಿದ್ದೂ ಕೆಡುತ್ತೆ" ಎಂದು ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟರು.

ಮಿಸ್, ಶೆಡ್ಡಿನೊಳಗೆ ನಮ್ಮ ಕಿಟಕಿಗಳಿದ್ದವು. ಎಲ್ಲವೂ. ಗೋಡೆಗೆ ಸಾಲಾಗಿ ಒರಗಿಸಿ, ಹಳೆಯ ಬಣ್ಣವನ್ನೆಲ್ಲ ಕೆರೆದು, ಎಣ್ಣೆ ಕುಡಿಸಿದ್ದರು. ನಾನು ಓದುವಾಗ ಅವು ಕಪ್ಪಗಿದ್ದವು. ಅವುಗಳ ಒಳಗೆ ಜೇನಿನ ಬಣ್ಣ ಇತ್ತು ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಪಶ್ಚಿಮದ ಗೋಡೆಯವು ಮಾತ್ರ ಗೆದ್ದಲು ತಿಂದು ಉಳಿದಿರಲಿಲ್ಲ. ಅವುಗಳ ಬದಲಿಗೆ ಹೊನ್ನೆ ಮರದಲ್ಲಿ, ಅದೇ ಅಳತೆಗೆ ಹೊಸದಾಗಿ ಮಾಡಿ ಬೇರೆ ಕಡೆ ನಿಲ್ಲಿಸಿದ್ದರು. ಗೇಟಿನೊಳಗೆ ಒಂದು ಸಲ ಬಿಟ್ಟಿದ್ದರೆ ನಾನು ಒಂದಕ್ಷರವೂ ಬರೆಯುತ್ತಿರಲಿಲ್ಲ.

"ಬೈರಯ್ಯನೋರೇ, ಶುಕ್ರವಾರ ಇಂಜಿನಿಯರ್ ಬರ್ತಾರೆ. ಅಷ್ಟರೊಳಗೆ ಕೂರಿಸ್ಕೊಡಿ" ಎಂದೆ.

"ಶ್ರಾವಣ ಬರ್ಲಿ."

"ಶ್ರಾವಣ ಬರೋ ಹೊತ್ಗೆ ಶಾಲೆ ಇರಲ್ಲ."

"ನೋಡಮ್ಮ, ಕ್ಯಾಲೆಂಡರ್ ನೋಡಿ ಮೊಳೆ ಹೊಡೆಯೋನು ಅಂತ ನೀನೇ ಪ್ರಿಂಟ್ ಹಾಕ್ಸಿದೀಯ. ಈಗ ನೋಡ್ದೆ ಹೊಡೆದ್ರೆ ನಿನ್ ಕರಪತ್ರ ಸುಳ್ಳಾಗಲ್ವಾ?"

ಆಳುಗಳೆಲ್ಲ ಗೊಳ್ಳೆಂದರು. ತಿಂಗಳೆಂದರೇನು, ಚಂದ್ರ ಹೇಗೆ ಸುತ್ತುತ್ತಾನೆ, ಗೋಡೆಗೂ ಚಂದ್ರನಿಗೂ ಏನು ಸಂಬಂಧ ಎಂದೆಲ್ಲ ಹೇಳಿದೆ. ಬೈರಯ್ಯನವರು ಕೇಳಿಸಿಕೊಂಡರು. ಆಮೇಲೆ, ಜೋರು ಮಾಡದೆ, "ಆಷಾಢದಲ್ಲಿ ಇಟ್ಟ ಕಿಟಕಿ ಪಕ್ಕ ಒಂದ್ ಮಗು ಎಡವಿ ಕಾಲ್ ಮುರ್ಕೊಂಡ್ರೂ ಊರೆಲ್ಲ ಬೈರನ್ ಹೆಸ್ರು ಹೇಳುತ್ತೆ. ಚಂದ್ರನ್ ಹೆಸ್ರಲ್ಲ" ಎಂದರು.

ವಾದದಲ್ಲಿ ಸೋತಾಗ ನನಗೆ ಸಿಟ್ಟು ಬರುತ್ತದೆ ಎಂದು ನಿಮಗೆ ಗೊತ್ತು. ಶೆಡ್ಡಿನ ಹಿಂದೆ ಅವರ ಮಗಳು ಸ್ಪಂದನ ಬಟ್ಟೆ ಒಣಹಾಕುತ್ತಿದ್ದಳು. ಏಪ್ರಿಲಿನಲ್ಲಿ ಅವಳ ಮದುವೆ ಕಾರ್ಡ್ ಮಾಡಿದ್ದು ನಾನೇ. ಅವಳ ಕಡೆ ಕೈ ತೋರಿಸಿ ಕಿರುಚಿದೆ:

"ಮತ್ತೆ ಸ್ಪಂದನ ಯಾಕೆ ಇಲ್ಲಿದಾಳೆ? ಆಷಾಢ ಅಂತಾನೇ ಅಲ್ವಾ ಗಂಡನ ಮನೆಯಿಂದ ಕರ್ಕೊಂಡ್ ಬಂದಿದ್ದು? ಮಗಳು ತವರಿಗೆ ಬರ್ಬೋದು, ಕಿಟಕಿ ಅದರ ಗೋಡೆಗೆ ಬರಬಾರ್ದಾ? ಅದು ಮಾತ್ರ ಬೇರೆ ಕಡೆ ಹುಟ್ಟಿದ್ದಾ?"

ಹಂಗಿಸಲೆಂದೇ ಅಂದದ್ದು ಮಿಸ್. ಅವರು ನನ್ನನ್ನು ಆಚೆ ಹೋಗು ಎನ್ನುತ್ತಾರೆ ಎಂದುಕೊಂಡೆ. ಯಾರೂ ನಗಲಿಲ್ಲ. ಬೈರಯ್ಯನವರು ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದು, ಮತ್ತೆ ಅಲ್ಲೇ ಇಟ್ಟುಕೊಂಡರು. ಅಜ್ಜಿಯ ಮುಖ ನೋಡಿದರು.

"ಹೇಳೋದು ಸರಿಯಾಗೇ ಐತಲ್ಲೋ ಬೈರ" ಎಂದರು ಅಜ್ಜಿ. "ಆ ಮನೇಲಿ ಹುಟ್ಟಿ ಬೆಳೆದವು. ಹೊರಗಡೆ ಬಂದಿದ್ವು, ವಾಪಸ್ ಹೋಗ್ತಾವೆ. ಹೆಣ್ಮಕ್ಳು ತವರಿಗೆ ಹೋಗೋಕೆ ಆಷಾಢಕ್ಕಿಂತ ಒಳ್ಳೇ ತಿಂಗಳು ಯಾವುದೈತೆ?"

"ಹಂಗಾದ್ರೆ ಹೊಸವು?" ಎಂದು ಬೈರಯ್ಯನವರು ಹೊನ್ನೆಯ ಕಿಟಕಿಗಳನ್ನು ತೋರಿಸಿದರು.

"ಹೊಸವು ಸೊಸೇರು. ಸೊಸೆ ಆಷಾಢದಲ್ಲಿ ಅತ್ತೆ ಮನೇಲಿ ಇರಂಗಿಲ್ಲ. ಅವು ಶ್ರಾವಣಕ್ಕೆ ಬರ್ಲಿ."

ವೆಂಕಟೇಶಣ್ಣ ಏನೋ ಹೇಳಲು ಬಾಯಿ ತೆರೆದರು. ಅಜ್ಜಿ ಕಣ್ಣು ಬಿಟ್ಟರು, ಅವರು ಮುಚ್ಚಿಕೊಂಡರು. ಬೈರಯ್ಯನವರು ಆಳುಗಳ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದೀರೋ, ಟೆಂಪೊ ಕರೀರಿ" ಎಂದರು.

ಇಷ್ಟೇ. ನಾನು ಓದಿದ ಯಾವುದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ನಾನೇ ನಂಬದ ಮಾತೊಂದು ಬಂತು. ಇದು ನನಗೆ ಇನ್ನೂ ಅರಗಿಲ್ಲ. ಆಷಾಢದ ಬಗ್ಗೆ ನನ್ನ ಅಭಿಪ್ರಾಯವೂ ಬದಲಾಗಿಲ್ಲ. ಬೈರಯ್ಯನವರ ಹೆಸರು ಮಾತ್ರ ಹಾಕಬಾರದಿತ್ತು. ಅದನ್ನು ಅವರಿಗೇ ಹೇಳಿದೆ. "ಹಾಕಿದ್ರೆ ಹಾಕು, ದಪ್ಪಕ್ಷರದಲ್ಲಾದ್ರೂ ಹಾಕೋದಲ್ವಾ" ಎಂದರು.

ಬುಧವಾರ, ಗುರುವಾರ ಊರಿಗೆ ಊರೇ ಶಾಲೆಯಲ್ಲಿತ್ತು. ಚೌಕಟ್ಟು ಓರೆಯಾಗದಂತೆ ರಸಮಟ್ಟ ಹಿಡಿಯುವ ಕೆಲಸ ನನ್ನದು; ಗುಳ್ಳೆ ನಡುವಿಗೆ ಬಂತು ಎಂದು ನಾನು ಕೂಗಿದರೆ ಆಳುಗಳು ಸಿಮೆಂಟ್ ತುಂಬುತ್ತಿದ್ದರು. ಪ್ರತಿ ಚೌಕಟ್ಟು ಗೋಡೆ ಸೇರುವ ಮುಂಚೆ ಅಜ್ಜಿ ಅರಿಶಿನ ಕುಂಕುಮ ಇಟ್ಟು, "ಬಾರವ್ವ" ಎನ್ನುತ್ತಿದ್ದರು. ನೆಲಕ್ಕೆ ಎಣ್ಣೆ ತೊಟ್ಟಿಕ್ಕುತ್ತದೆ, ಹಾಸಲು ಕಾಗದ ಬೇಕು ಎಂದು ಬೈರಯ್ಯನವರು ಕೇಳಿದಾಗ ಅಂಗಡಿಗೆ ಹೋಗಿ ನನ್ನ ಕರಪತ್ರದ ಕಟ್ಟು ತಂದೆ. ವೆಂಕಟೇಶಣ್ಣನ ಹೆಸರು ಕೆಳಮುಖವಾಗುವ ಹಾಗೆ ಹಾಸಿದೆ. ಅವರು ಒಂದನ್ನು ಎತ್ತಿ ತಿರುಗಿಸಿ ಓದಿ, "ಫಾಂಟ್ ಚೆನ್ನಾಗಿದೆ" ಎಂದು ಮತ್ತೆ ಹಾಸಿದರು.

ನಿನ್ನೆ ಇಂಜಿನಿಯರ್ ಬಂದರು. ರೇನ್‌ಕೋಟ್ ಹಾಕಿದ್ದ, ಮಾತು ಕಡಿಮೆಯ ಹೆಂಗಸು. ಒಂದೊಂದು ಕಿಟಕಿಯನ್ನೂ ತೆಗೆದು ಮುಚ್ಚಿದರು, ಸರಳು ಹಿಡಿದು ಜಗ್ಗಿದರು, ಗೋಡೆ ಬಡಿದು ನೋಡಿದರು. ಪಶ್ಚಿಮದ ಗೋಡೆಯ ಹತ್ತಿರ ನಿಂತುಬಿಟ್ಟರು. ಅಲ್ಲಿ ತೂತುಗಳಿಗೆ ಬಿದಿರಿನ ತಟ್ಟಿ ಕಟ್ಟಿದ್ದೆವು. ಹೊಸ ಕಿಟಕಿಗಳು ಕೆಳಗೆ ಒರಗಿದ್ದವು.

"ಇವ್ಯಾಕೆ ಹಾಕಿಲ್ಲ? ರೆಡಿ ಇದಾವಲ್ಲ."

ರವಿಕುಮಾರ್ ಸರ್ ವೆಂಕಟೇಶಣ್ಣನನ್ನು ನೋಡಿದರು. ವೆಂಕಟೇಶಣ್ಣ ಬೈರಯ್ಯನವರನ್ನು ನೋಡಿದರು. ಬೈರಯ್ಯನವರು ಮೇಲಿನ ಹೆಂಚು ನೋಡಿದರು. ಇಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದರು. ನನಗೆ ಆ ಎರಡನೇ ವಾಕ್ಯ ಕಣ್ಣಮುಂದೆ ಬಂತು.

"ಮೇಡಂ, ಅವು ಸೊಸೆಯರು" ಎಂದೆ. ನಾನು, ಮಿಸ್! ಧನ್ಯಶ್ರೀ!

ಅವರು ನನ್ನ ಮುಖವನ್ನೇ ನೋಡಿದರು. "ಶ್ರಾವಣಕ್ಕಾ?"

"ಹೂಂ ಮೇಡಂ. ಮುಂದಿನ ಶುಕ್ರವಾರ."

"ನಮ್ ಮನೆ ಗೃಹಪ್ರವೇಶನೂ ಅಲ್ಲೀವರ್ಗೂ ನಿಂತಿದೆ. ನಮ್ಮತ್ತೆ ಹೊಸ ಮನೇಲಿ ಒಂದ್ ಫ್ಯಾನ್ ಹಾಕ್ಸೋಕೂ ಬಿಡ್ತಿಲ್ಲ." ಬರೆದರು. "ತಿಂಗಳ ಕೊನೆಯೊಳಗೆ ಹಾಕಿ ಫೋಟೊ ಕಳಿಸ್ಬೇಕು. ದೂರು ಕೊಟ್ಟಿದ್ ಯಾರು?"

ತರಗತಿಯಲ್ಲಿ ಎತ್ತುವ ಹಾಗೆ ಕೈ ಎತ್ತಿದೆ.

"ಚೆನ್ನಾಗ್ ಬರ್ದಿದೀರ. ಹಿಂದ್ಗಡೆ ಹುಡ್ಗೀರ್ ಟಾಯ್ಲೆಟ್ಟಲ್ಲಿ ನೀರ್ ಬರ್ತಿಲ್ಲ, ನೋಡ್ಕೊಂಡ್ ಬಂದೆ. ಅದಕ್ಕೂ ಒಂದ್ ಬರೀರಿ."

"ಕಟ್ಟಡವು ಬಳಕೆಗೆ ಯೋಗ್ಯವಾಗಿದೆ" ಎಂದು ಬರೆದು, ಸಹಿ ಹಾಕಿ ಹೋದರು. ಅವರ ಜೀಪು ತಿರುವು ದಾಟಿತು. ಆಮೇಲೆ ವೆಂಕಟೇಶಣ್ಣ ಜಗಲಿಯ ಮೇಲೆ ಕುಸಿದು ಕೂತು ಟವೆಲಿನಿಂದ ಮುಖ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು. ಬೈರಯ್ಯನವರು ಬೀಡಿ ಹಚ್ಚಿ, ಶಾಲೆ ಎಂದು ನೆನಪಾಗಿ ಆರಿಸಿದರು. ನಾನು ಅತ್ತೆ. ಯಾಕೆ ಎಂದು ಕೇಳಬೇಡಿ.

ಮಧ್ಯಾಹ್ನ ಮಳೆ ಬಂತು. ಮಕ್ಕಳು ಅಭ್ಯಾಸಬಲದಿಂದ ಮೂಲೆಗೆ ಓಡಿದರು. ರವಿಕುಮಾರ್ ಸರ್ ಒಂದೊಂದೇ ರೆಕ್ಕೆ ಮುಚ್ಚಿ ಅಗುಳಿ ಹಾಕಿದರು. ಮಳೆ ಹೊರಗೇ ಉಳಿಯಿತು. ಮಕ್ಕಳು ಮೂಲೆಯಿಂದ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು.

ನಿಮಗೆ ಶಾಮೀಲು ಎಂದು ಬರೆದಿದ್ದೆ. ಆ ಪದವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಇನ್ನು ಮುಂದೆ ನನಗೆ ಹೇಳಿ. ಸುಮ್ಮನಿರಲು ಆಗುತ್ತದೋ ಇಲ್ಲವೋ ನೋಡೋಣ. ಹೇಳದೆ ಮಾತ್ರ ಇರಬೇಡಿ.

ಮುಂದಿನ ಶುಕ್ರವಾರ, ಶ್ರಾವಣದ ಮೊದಲ ದಿನ, ಹೊಸ ಕಿಟಕಿಗಳನ್ನು ಕೂರಿಸುತ್ತಾರೆ. ಹತ್ತೂವರೆಗೆ ರಾಹುಕಾಲವಂತೆ, ಅದಕ್ಕೂ ಮೊದಲೇ. ನೀವು ಬರಲೇಬೇಕು ಎಂದು ಬೈರಯ್ಯನವರ ಅಪ್ಪಣೆ. "ಸೊಸೇರನ್ನ ಒಳಗೆ ಕರ್ಕೊಳ್ಳೋಕೆ ಅತ್ತೆ ಬೇಡ್ವಾ? ಮಿಸ್ ಬರ್ಲಿ" ಎಂದಿದ್ದಾರೆ. ನಾನು ಪೂಜೆಗೆ ನಿಲ್ಲುವುದಿಲ್ಲ, ರಸಮಟ್ಟ ಹಿಡಿಯಲು ನಿಲ್ಲುತ್ತೇನೆ.

ನಿಮ್ಮ
ಧನ್ಯಾ


ಕಂಪ್ಲಿ
22 ಜುಲೈ 2025
ಸ್ಪೀಡ್ ಪೋಸ್ಟ್

ಪ್ರೀತಿಯ ಧನ್ಯಾ,

ಪೋಸ್ಟ್‌ಮ್ಯಾನ್ ಎದುರಿಗೇ ಲಕೋಟೆ ಹರಿದೆ. ಮೊದಲ ಸಾಲು ಓದಿ ಅವನಿಗೆ ಒಳಗೆ ಬಾರಪ್ಪ, ಚಹಾ ಕುಡಿದು ಹೋಗು ಎಂದೆ. ಅವನು ಕುಡಿದು ಮುಗಿಸುವವರೆಗೂ ನನಗೆ ಮುಂದಿನ ಸಾಲು ಓದಲು ಆಗಲಿಲ್ಲ. ಹನ್ನೆರಡನೇ ತಾರೀಖಿನಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನೀನು ಕೇಳಿದ್ದು ಸರಿ. ಇನ್ನು ಮುಂದೆ ಹೇಳುತ್ತೇನೆ.

ಮದುವೆಯನ್ನೇ ಆಗದ ನನ್ನನ್ನು ಅಷ್ಟು ಜನ ಸೊಸೆಯರಿಗೆ ಅತ್ತೆ ಮಾಡಿದ್ದೀರಿ. ಆಗಲಿ. ಬೈರಯ್ಯನಿಗೆ ಹೇಳು, ನಾನು ಜೋರಿನ ಅತ್ತೆ. ಅಗುಳಿ ಸಲೀಸಾಗಿ ಬೀಳದ ಸೊಸೆಯನ್ನು ಒಳಗೆ ಸೇರಿಸುವುದಿಲ್ಲ. ಟಾಯ್ಲೆಟ್ಟಿನ ದೂರನ್ನು ನೀನು ಬರೆದಿಡು, ಇಲಾಖೆಗೆ ಕಳಿಸುವ ಮೊದಲು ಈ ಸಲ ನಾನು ಒಮ್ಮೆ ಓದುತ್ತೇನೆ.

ತಮ್ಮ ಗುರುವಾರ ರಾತ್ರಿಯ ಬಸ್ಸಿಗೆ ಹತ್ತಿಸುತ್ತಾನೆ. ಯಶವಂತಪುರಕ್ಕೆ ಯಾರೂ ಬರುವುದು ಬೇಡ, ಆಟೊದಲ್ಲಿ ಬರುತ್ತೇನೆ. ಹೇರೋಹಳ್ಳಿಯ ದಾರಿಯನ್ನು ನನಗೆ ಯಾರೂ ತೋರಿಸಬೇಕಾಗಿಲ್ಲ. ಶುಕ್ರವಾರ, ಜುಲೈ ಇಪ್ಪತ್ತೈದು, ಬೆಳಿಗ್ಗೆ ಎಂಟೂವರೆಗೆ ಶಾಲೆಯ ಗೇಟಿನಲ್ಲಿ ಇರು.

ಬಸವರಾಜೇಶ್ವರಿ